ಗಾಡಿಗೆ ಬೇಕಾದ್ದು ಕುದುರೆಯ ಓಟವೋ, ಎತ್ತಿನ ಎಳೆತವೋ?



ಈ ಪುಟದಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ಕೀಟಗಳ ಮಾತು ಬರುತ್ತದೆ. ಈ ವಾರ ಮೋಟಾರ್ ಸೈಕಲ್ಲಿನ ಮಾತು. ಕೃಷಿ ಇಲಾಖೆಯವನಿಗೂ ಮೋಟಾರ್ ಸೈಕಲ್ಲಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ಇದೆ. ಮೊದಲು ಮನೆಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಿಂತಿರುವುದು ಬೈಕು. ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹೋಗುವುದು ಅದರ ಮೇಲೆ. ಚಿಂತಾಮಣಿಗೆ ಟೊಮ್ಯಾಟೊ ಕ್ರೇಟು, ಚಿಕ್ಕಬಳ್ಳಾಪುರಕ್ಕೆ ಸೇವಂತಿಗೆ ಚೀಲ, ಡೇರಿಗೆ ಹಾಲಿನ ಕ್ಯಾನು, ತೋಟದಿಂದ ಹುಳು ಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಎಲ್ಲಕ್ಕೂ ಅದೇ ವಾಹನ. ಅಂದಮೇಲೆ ಅದೂ ಒಂದು ಕೃಷಿ ಉಪಕರಣವೇ. ನೇಗಿಲಿನ ಮಾತು ಆಡುವವನು ಅದರ ಮಾತನ್ನೂ ಆಡಬೇಕಾಗುತ್ತದೆ.

ಕಳೆದ ಬೆಳೆಯ ಸಮಯದಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ರೈತರು ನನ್ನನ್ನು ಮಾರುಕಟ್ಟೆಯ ಬಾಗಿಲಲ್ಲಿ ನಿಲ್ಲಿಸಿದರು. "ಸಾರ್, ಸೊಪ್ಪಿಗೆ ರೋಗ ಬಂದರೆ ನಿಮ್ಮನ್ನ ಕೇಳ್ತೀವಿ. ಇವತ್ತು ಮಗನಿಗೆ ಬಂದಿರೋ ರೋಗಕ್ಕೆ ಔಷಧಿ ಹೇಳಿ" ಎಂದರು. ವಿಷಯ ಇಷ್ಟೆ. ಮಗ ಇಪ್ಪತ್ತೆರಡರ ಹುಡುಗ. ಮನೆಯ ಬೈಕು ದಿಣ್ಣೆ ಹತ್ತುವುದಿಲ್ಲ, ಎಳೆತ ಇಲ್ಲವೆಂದು ಅವನ ದೂರು. ಯಾರೋ ಮೊಬೈಲಿನಲ್ಲಿ ತೋರಿಸಿದ್ದಾರೆ: ದೊಡ್ಡ ಪಿಸ್ಟನ್ನು, ದೊಡ್ಡ ಕಾರ್ಬುರೇಟರು, ಜಾಲರಿ ಫಿಲ್ಟರು, ಗುಡುಗುವ ಸೈಲೆನ್ಸರು. ಒಟ್ಟು ಹದಿನೆಂಟು ಸಾವಿರ ರೂಪಾಯಿ. ತಂದೆಯ ಲೆಕ್ಕದಲ್ಲಿ ಅದು ಮುಂದಿನ ಚಾಕಿ ಹುಳುವಿನ ಹಣ, ಹುಳು ಮನೆ ತೊಳೆಯುವ ಸೋಂಕು ನಿವಾರಕದ ಹಣ. "ಕೊಡಲಿಲ್ಲ ಅಂದ್ರೆ ಬೆಂಗಳೂರಿಗೆ ಹೋಗ್ತೀನಿ ಅಂತಾನೆ ಸಾರ್" ಎಂದಾಗ ಅವರ ದನಿ ಸಣ್ಣದಾಗಿತ್ತು.

ಆ ಹುಡುಗ ಹೇಳಿದ್ದರಲ್ಲಿ ಒಂದು ಮಾತು ನಿಜ, ಒಂದು ಮಾತು ತಪ್ಪು. ಗಾಡಿಗೆ ಎಳೆತ ಇಲ್ಲ ಎಂದದ್ದು ನಿಜ. ಅದಕ್ಕೆ ಎಂಜಿನ್ನನ್ನು ದೊಡ್ಡದು ಮಾಡಬೇಕು ಎಂದದ್ದು ತಪ್ಪು. ಏಕೆ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನನ್ನದೇ ತಪ್ಪಿನ ಕಥೆ

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೃಷಿ ಬಿ.ಎಸ್ಸಿ. ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಬಳಿ ಒಂದು ಹಳೆಯ ನೂರು ಸಿಸಿ ಗಾಡಿ ಇತ್ತು. ವಯಸ್ಸಿನ ಹುಮ್ಮಸ್ಸು. ಒಂದು ಗ್ಯಾರೇಜಿನಲ್ಲಿ ಅದಕ್ಕೆ ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿಸಿದೆ, ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕಿಸಿದೆ, ಸೈಲೆನ್ಸರಿನ ಒಳಗಿನ ಕೊಳವೆಯನ್ನು ಕೀಳಿಸಿದೆ. ಏರ್ ಫಿಲ್ಟರ್ ತೆಗೆದರೆ ಇನ್ನೂ ಚೆನ್ನಾಗಿ ಉಸಿರಾಡುತ್ತದೆ ಎಂದರು, ಅದನ್ನೂ ತೆಗೆಸಿದೆ. ಒಂದು ತಿಂಗಳು ರಾಜನಂತೆ ಓಡಾಡಿದೆ.

ಮುಂಗಾರಿನ ಹೊತ್ತಿಗೆ ಗೌರಿಬಿದನೂರು ಕಡೆಯ ಒಂದು ಹಳ್ಳಿಯಲ್ಲಿ ಕಡಲೆಕಾಯಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೆ. ಟ್ರೈಕೋಡರ್ಮಾ ಮತ್ತು ರೈಜೋಬಿಯಂ ಪೊಟ್ಟಣಗಳ ಚೀಲವನ್ನು ಹಿಂದೆ ಕಟ್ಟಿಕೊಂಡು ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ ದಾರಿಯಲ್ಲಿ ಹೊರಟೆ. ಏರು ದಾರಿಯಲ್ಲಿ ಎಂಜಿನ್ ಹಿಡಿದುಕೊಂಡಿತು. ಪಿಸ್ಟನ್ ಸಿಲಿಂಡರಿಗೆ ಕಚ್ಚಿ ನಿಂತಿತ್ತು. ನೂಕಿಕೊಂಡು, ಲಾರಿ ಹಿಡಿದು, ಸಾಯಂಕಾಲ ಊರು ಸೇರಿದೆ. ರೈತರು ಮಧ್ಯಾಹ್ನ ಎರಡರವರೆಗೆ ಕಾದು ಮನೆಗೆ ಹೋಗಿದ್ದರು. ಆ ರಾತ್ರಿ ಮಳೆ ಬಂತು. ಹದ ಸಿಕ್ಕಿದಾಗ ಯಾವ ರೈತ ಕಾಯುತ್ತಾನೆ? ಮರುದಿನ ಬೆಳಿಗ್ಗೆ ಎಲ್ಲರೂ ಉಪಚಾರ ಇಲ್ಲದ ಬೀಜವನ್ನೇ ಬಿತ್ತಿದರು. ಮುಂದೆ ಆ ಹೊಲಗಳಲ್ಲಿ ಬುಡ ಕೊಳೆ ರೋಗದಿಂದ ಒಣಗಿದ ಗಿಡಗಳನ್ನು ಕಂಡಾಗ, ಕೆಜಿ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಬೆರೆಸಬೇಕಾಗಿದ್ದವನು ನಾನು ಎಂಬುದು ನೆನಪಾಗುತ್ತಿತ್ತು. ಗ್ಯಾರೇಜಿನವರನ್ನು ಬೈದು ಪ್ರಯೋಜನವಿಲ್ಲ. ಮಾಡಿ ಎಂದು ಹೇಳಿದವನು ನಾನೇ.

ಎರಡು ಬಗೆಯ ಬೋರು

ನಮ್ಮ ಜಿಲ್ಲೆಯಲ್ಲಿ ಬೋರು ಎಂದರೆ ಮೊದಲು ನೆನಪಾಗುವುದು ಕೊಳವೆ ಬಾವಿ. ಎರಡು ಬೋರುಗಳಿಗೂ ಒಂದು ಹೋಲಿಕೆ ಇದೆ. ಇನ್ನಷ್ಟು ಕೊರೆದರೆ ಇನ್ನಷ್ಟು ಸಿಗುತ್ತದೆ ಎಂಬ ಆಸೆ ಎರಡರಲ್ಲೂ ಇದೆ.

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ 97.2 ಸಿಸಿ ಎಂಜಿನ್ನಿನ ಲೆಕ್ಕ ನೋಡೋಣ. ಅದರ ಸಿಲಿಂಡರಿನ ಅಗಲ 50 ಮಿಲಿಮೀಟರ್, ಪಿಸ್ಟನ್ ಚಲಿಸುವ ಉದ್ದ 49.5 ಮಿಲಿಮೀಟರ್. ಸವೆದ ಸಿಲಿಂಡರನ್ನು ಕೊರೆಸಿ ಅರ್ಧ ಮಿಲಿಮೀಟರ್ ದಪ್ಪದ ಪಿಸ್ಟನ್ ಹಾಕಿದರೆ ಹೆಚ್ಚುವುದು ಎರಡು ಸಿಸಿ ಮಾತ್ರ. ನೂರಕ್ಕೆ ಎರಡು ಪಾಲು. ಇದರಿಂದ ದಿಣ್ಣೆ ಹತ್ತುವ ಶಕ್ತಿ ಬರುವುದಿಲ್ಲ. ಬೋರ್ ಮಾಡಿಸಿದ ಮೇಲೆ ಗಾಡಿ ಚೆನ್ನಾಗಿ ಎಳೆಯುತ್ತದೆ ಎಂದು ನಿಮಗೆ ಅನ್ನಿಸಿದ್ದರೆ ಅದಕ್ಕೆ ಕಾರಣ ಹೊಸ ರಿಂಗು. ಸವೆದ ರಿಂಗಿನ ಪಕ್ಕದಿಂದ ಸೋರಿಹೋಗುತ್ತಿದ್ದ ಒತ್ತಡ ಈಗ ಸೋರುವುದಿಲ್ಲ. ಆದುದರಿಂದ ಬೋರ್ ಎಂಬುದು ರಿಪೇರಿಯೇ ಹೊರತು ಶಕ್ತಿವರ್ಧಕವಲ್ಲ. ಸವೆಯದ ಸಿಲಿಂಡರನ್ನು ಕೊರೆಸುವುದು ನೀರಿರುವ ಬಾವಿಯನ್ನು ಮುಚ್ಚಿ ಪಕ್ಕದಲ್ಲಿ ಇನ್ನೊಂದು ತೋಡಿದ ಹಾಗೆ.

ಇನ್ನೂ ದೊಡ್ಡ ಸಿಲಿಂಡರನ್ನೇ ಕೂರಿಸುವ ಪದ್ಧತಿಯೂ ಇದೆ. ಆಗ ಶಕ್ತಿ ಹೆಚ್ಚುವುದು ನಿಜ. ಆದರೆ ಕ್ರ್ಯಾಂಕ್, ಬೇರಿಂಗ್, ಕ್ಲಚ್ ಪ್ಲೇಟು, ಗೇರು, ಚೈನು, ಬ್ರೇಕು ಎಲ್ಲವೂ ಹಳೆಯ ಅಳತೆಯವೇ. ಒಂದು ಎತ್ತನ್ನು ಬಲಿಷ್ಠಗೊಳಿಸಿ, ನೊಗ, ಮಿಣಿ, ಅಚ್ಚು ಹಳೆಯದನ್ನೇ ಬಿಟ್ಟರೆ ಮುರಿಯುವುದು ಯಾವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಗಾಳಿ?

ಎಂಜಿನ್ ಕುಡಿಯುವುದು ಪೆಟ್ರೋಲ್ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಹೆಚ್ಚಾಗಿ ಸೇವಿಸುವುದು ಗಾಳಿಯನ್ನು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಹತ್ತು ಸಾವಿರ ಲೀಟರ್ ಗಾಳಿ. ನಮ್ಮ ಕಡೆಯ ಬಯಲು ದಾರಿಯ ಧೂಳು, ಜಲ್ಲಿ ಕ್ರಷರುಗಳ ಪುಡಿ, ಸುಗ್ಗಿ ಕಾಲದ ಹೊಟ್ಟು, ಎಲ್ಲವೂ ಆ ಗಾಳಿಯಲ್ಲಿದೆ. ಅದನ್ನು ತಡೆಯುವುದು ಏರ್ ಫಿಲ್ಟರ್ ಒಂದೇ. ಅದನ್ನು ತೆಗೆದರೆ ಕಲ್ಲಿನ ಪುಡಿ ನೇರವಾಗಿ ಸಿಲಿಂಡರಿಗೆ ಹೋಗಿ, ಎಣ್ಣೆಯೊಡನೆ ಸೇರಿ, ಸಾಣೆ ಹಿಡಿದಂತೆ ರಿಂಗನ್ನು ಸವೆಸುತ್ತದೆ. ಮೊದಲ ತಿಂಗಳು ಹುಮ್ಮಸ್ಸು, ಆಮೇಲೆ ನೀಲಿ ಹೊಗೆ.

ಇದರ ಜೊತೆಗೆ ನಮ್ಮ ಸೀಮೆಯ ಇನ್ನೊಂದು ಗುಣವನ್ನು ತಿಳಿಯತಕ್ಕದ್ದು. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿನ ಕಡಲ ತೀರಕ್ಕಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಗಾಳಿ ತೆಳುವಾದಷ್ಟೂ ಎಂಜಿನ್ನಿನ ಶಕ್ತಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಪುಸ್ತಕದಲ್ಲಿ ಬರೆದ ಅಶ್ವಶಕ್ತಿ ನಮಗೆ ಪೂರ್ತಿ ಸಿಗುವುದೇ ಇಲ್ಲ. ಕಾರ್ಬುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಗಾಳಿ ಕಡಿಮೆಯಾಗಿ ಪೆಟ್ರೋಲ್ ಸ್ವಲ್ಪ ಹೆಚ್ಚೇ ಬೀಳುತ್ತದೆ. ಹೀಗಿರುವಾಗ ದೊಡ್ಡ ಜೆಟ್ ಹಾಕಿಸಿದರೆ ಏನಾಗುತ್ತದೆ? ಉರಿಯದ ಪೆಟ್ರೋಲ್ ಮಸಿಯಾಗಿ ಪ್ಲಗ್ಗಿಗೆ ಅಂಟುತ್ತದೆ, ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯಾ ಸುರಿದ ರಾಗಿ ಹೊಲ ನೆನಪಿಗೆ ತಂದುಕೊಳ್ಳಿ. ಹಸಿರು ಹೆಚ್ಚು, ಪೈರು ಮಲಗುವುದೂ ಹೆಚ್ಚು, ತೆನೆ ಕಡಿಮೆ.

ಸೈಲೆನ್ಸರು ಬರೀ ಸದ್ದಿಗಲ್ಲ

ನಮ್ಮ ತಂದೆಯವರ ಬಳಿ ಒಂದು ಯೆಜ್ಡಿ ಇತ್ತು. ಹಿರಿಯ ಓದುಗರಿಗೆ ಆ ಗಾಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಮೋಟಾರ್ ಸೈಕಲ್ ತಯಾರಿಸಿತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಎಣ್ಣೆ ಬೆರೆತ ಪೆಟ್ರೋಲ್ ಉರಿಯುವುದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತಿತ್ತು. ವರ್ಷಕ್ಕೊಮ್ಮೆ ತಂದೆಯವರು ಒಳಕೊಳವೆಯನ್ನು ಹೊರಗೆಳೆದು, ಬೆಂಕಿಯಲ್ಲಿ ಕಾಯಿಸಿ, ಮಸಿ ಕೆರೆದು, ಮತ್ತೆ ಹಾಕುತ್ತಿದ್ದರು. ಕೆಲವು ಯುವಕರು ಅದನ್ನು ಹೊರಗೆಳೆದವರು ಮತ್ತೆ ಹಾಕುತ್ತಲೇ ಇರಲಿಲ್ಲ. ಸದ್ದು ಜೋರಾಗುತ್ತಿತ್ತು. ದಿಣ್ಣೆಯಲ್ಲಿ ಮಾತ್ರ ಒಳಕೊಳವೆ ಇದ್ದ ತಂದೆಯವರ ಗಾಡಿಯೇ ಮುಂದೆ ಹೋಗುತ್ತಿತ್ತು.

ಇದಕ್ಕೆ ಶಾಸ್ತ್ರವಿದೆ. ಪೂರ್ವ ಜರ್ಮನಿಯ ಎಂಜಿನಿಯರ್ ವಾಲ್ಟರ್ ಕಾಡೆನ್ ಅವರು 1950ರ ದಶಕದಲ್ಲಿ ಸೈಲೆನ್ಸರಿನ ಕೊಳವೆಯ ಆಕಾರದ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಹೊರಹೋಗುವ ಹೊಗೆಯ ಅಲೆ ಕೊಳವೆಯ ತುದಿಯಿಂದ ಹಿಂದಿರುಗಿ ಬಂದು, ಸೋರಿಹೋಗುತ್ತಿರುವ ಹೊಸ ಪೆಟ್ರೋಲ್ ಗಾಳಿಯನ್ನು ಸಿಲಿಂಡರಿಗೆ ಮರಳಿ ತಳ್ಳುವಂತೆ ಮಾಡಿದರು. 1961ರ ಹೊತ್ತಿಗೆ ಬರೀ 125 ಸಿಸಿಯ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದಿದ್ದರು. ಜಗತ್ತೇ ಬೆರಗಾಯಿತು. ಆದರೆ ಆ ಶಕ್ತಿ ಬರುತ್ತಿದ್ದುದು ನಿಮಿಷಕ್ಕೆ ಹತ್ತು ಸಾವಿರ ಸುತ್ತು ದಾಟಿದ ಮೇಲೆ. ಅದಕ್ಕಿಂತ ಕೆಳಗೆ ಎಳೆತವೇ ಇಲ್ಲ. ಪಂದ್ಯದ ದಾರಿಯಲ್ಲಿ ಅದು ಸರಿ. 15 ಕಿಲೋ ತೂಗುವ ಟೊಮ್ಯಾಟೊ ಕ್ರೇಟುಗಳನ್ನು ಹೊತ್ತು ಕೆಸರಿನ ಗಾಡಿ ಜಾಡಿನಲ್ಲಿ ಹೊರಡುವವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಇದರಿಂದ ನಾವು ಕಲಿಯುವ ಪಾಠ ಒಂದು. ಸೈಲೆನ್ಸರು ಎಂಜಿನ್ನಿನದೇ ಒಂದು ಭಾಗ. ಅದರ ಉದ್ದ, ಅಗಲ, ಒಳಗಿನ ಗೋಡೆ ಎಲ್ಲವೂ ಲೆಕ್ಕ ಹಾಕಿ ಮಾಡಿದವು. ಫೋರ್ ಸ್ಟ್ರೋಕ್ ಗಾಡಿಯಲ್ಲೂ ಹಾಗೆಯೇ. ಅದನ್ನು ಕೊರೆಸಿದರೆ ನಮಗೆ ಬೇಕಾದ ನಿಧಾನ ವೇಗದ ಎಳೆತವೇ ಮೊದಲು ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಈಗಿನ ಗಾಡಿಗಳ ಸೈಲೆನ್ಸರಿನಲ್ಲಿ ಹೊಗೆ ಶುದ್ಧಿ ಮಾಡುವ ಜೇನುಗೂಡಿನಂಥ ಸಾಧನವಿರುತ್ತದೆ. ಅದರಲ್ಲಿ ಪ್ಲಾಟಿನಂ ಗುಂಪಿನ ಬೆಲೆಬಾಳುವ ಲೋಹಗಳಿವೆ. "ಇದು ಕಸ, ಬಿಸಾಕೋಣ" ಎಂದು ಯಾರಾದರೂ ಕತ್ತರಿಸಿ ತೆಗೆದರೆ ಅದು ಕಸದ ಬುಟ್ಟಿಗೆ ಹೋಗುವುದಿಲ್ಲ ಎಂದು ತಿಳಿಯಿರಿ.

ಹಾಗಾದರೆ ಎಳೆತ ಎಲ್ಲಿ ಹೋಯಿತು?

ಆ ರೇಷ್ಮೆ ರೈತರ ಮನೆಗೆ ಒಂದು ಭಾನುವಾರ ಹೋದೆ. ತಂದೆ, ಮಗ, ನಾನು ಮೂವರೂ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಕುಳಿತೆವು. "ನೋಡಪ್ಪ, ಹೊಸ ಸಾಮಾನು ಹಾಕುವ ಮೊದಲು ಹಳೆಯದು ಎಲ್ಲಿ ಸೋರುತ್ತಿದೆ ಅಂತ ನೋಡೋಣ" ಎಂದೆ. ಸಿಕ್ಕಿದ್ದು ಇವು:

ಏರ್ ಫಿಲ್ಟರ್ ಬಿಚ್ಚಿದಾಗ ಅಂಗೈ ತುಂಬ ಕೆಂಪು ಧೂಳು. ಉಸಿರು ಕಟ್ಟಿದ ಎತ್ತು ಗಾಡಿ ಎಳೆಯುವುದುಂಟೆ? ಸ್ಪಂಜಿನದಾದರೆ ತೊಳೆದು, ಒಣಗಿಸಿ, ಎಣ್ಣೆ ಹಿಂಡಿ ಹಾಕಬಹುದು. ಕಾಗದದ್ದಾದರೆ ತೊಳೆಯಬಾರದು, ಹೊಸದನ್ನೇ ಹಾಕಬೇಕು. ಪುಸ್ತಕದಲ್ಲಿ ಹೇಳಿದ ಅಂತರಕ್ಕಿಂತ ನಮ್ಮ ಧೂಳಿನ ದಾರಿಯಲ್ಲಿ ಬೇಗನೆ ನೋಡಬೇಕು.

ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಹಿಡಿದೇ ಇತ್ತು. ಚೈನು ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಸವೆದ ಚೈನಿನ ಗುರುತು ಅದೇ. ಚೈನಿನ ನಡುವೆ ಬೆರಳಿಟ್ಟು ಎತ್ತಿದರೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಡಬೇಕು. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ. ಭಾರ ಹೇರುವವರು ಚೈನ್ ಕವರಿನ ಮೇಲೋ ಪುಸ್ತಕದಲ್ಲೋ ಇರುವ "ಇಬ್ಬರು ಸವಾರರ" ಅಳತೆಗೆ ಗಾಳಿ ಹಿಡಿಸಬೇಕು, ಟೈರು ತಣ್ಣಗಿರುವಾಗ ಅಳೆಯಬೇಕು.

ಟ್ಯಾಪೆಟ್ಟು ಬಿಗಿಯಾಗಿತ್ತು. ವಾಲ್ವಿಗೂ ಅದನ್ನು ಒತ್ತುವ ಕೈಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಕಡಿಮೆಯಾದರೆ ಸದ್ದೇ ಇಲ್ಲ. "ಎಂಜಿನ್ ಸೈಲೆಂಟಾಗಿದೆ" ಎಂದು ನಾವು ಹಿಗ್ಗುತ್ತೇವೆ. ಒಳಗೆ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರಿ, ವಾಲ್ವಿನ ಅಂಚು ಸುಡುತ್ತಿರುತ್ತದೆ. ಇದನ್ನು ಎಂಜಿನ್ ತಣ್ಣಗಿರುವಾಗ, ಅಳತೆಯ ತಗಡು ಇಟ್ಟೇ ಸರಿಪಡಿಸಬೇಕು. ಕಿವಿಯಿಂದ ಕೇಳಿ ಬಿಗಿ ಮಾಡುವ ಮೆಕ್ಯಾನಿಕ್ಕಿಗೆ "ತಗಡು ಇಡಿ ಅಣ್ಣ" ಎಂದು ವಿನಯವಾಗಿ ಹೇಳಿ.

ಪ್ಲಗ್ಗು ಕಪ್ಪಾಗಿತ್ತು. ಕಾರ್ಬುರೇಟರ್ ಗಾಡಿಗಳಲ್ಲಿ ಪ್ಲಗ್ಗಿನ ತುದಿ ಎಂಜಿನ್ನಿನ ನಾಲಿಗೆ ಇದ್ದ ಹಾಗೆ. ತಿಳಿ ಕಂದು ಬಣ್ಣವಾದರೆ ಆರೋಗ್ಯ. ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚು ಅಥವಾ ಫಿಲ್ಟರ್ ಕಟ್ಟಿದೆ. ಬಿಳಿ ಸುಣ್ಣದಂತಾದರೆ ಪೆಟ್ರೋಲ್ ಕಡಿಮೆ, ಎಂಜಿನ್ ಕಾಯುತ್ತಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗು ಅಥವಾ ವಾಲ್ವಿನ ಸೀಲು ಸವೆದಿದೆ.

ಎಂಜಿನ್ ಎಣ್ಣೆ ಬದಲಿಸಿ ಎಷ್ಟು ದಿನವಾಯಿತೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಬೈಕಿನ ಎಣ್ಣೆಯಲ್ಲೇ ಕ್ಲಚ್ಚೂ ಮುಳುಗಿರುವುದರಿಂದ ಕಾರಿನ ಎಣ್ಣೆ ಹಾಕಬಾರದು. ಕ್ಲಚ್ ಜಾರಿ ಎಳೆತ ಹೋಗುತ್ತದೆ.

ಚೈನು, ಸ್ಪ್ರಾಕೆಟ್, ಫಿಲ್ಟರು, ಪ್ಲಗ್ಗು, ಎಣ್ಣೆ, ಬ್ರೇಕಿನ ಪಟ್ಟಿ, ಕೂಲಿ ಎಲ್ಲ ಸೇರಿ ಆದ ಖರ್ಚು ಹದಿನೆಂಟು ಸಾವಿರದ ಹತ್ತಿರಕ್ಕೂ ಬರಲಿಲ್ಲ. ಎರಡನೇ ಗೇರಿಗೆ ಇಳಿಯುತ್ತಿದ್ದ ಅದೇ ದಿಣ್ಣೆಯನ್ನು ಗೂಡಿನ ಮೂಟೆಯೊಡನೆ ಮೂರನೇ ಗೇರಿನಲ್ಲಿ ಹತ್ತಿತು. ಹುಡುಗ ಇಳಿದು ಬಂದು ಮಾತಾಡಲಿಲ್ಲ, ತಲೆ ಕೆರೆದುಕೊಂಡು ನಕ್ಕ.

ಒಂದೊಂದು ಹಲ್ಲಿನ ಲೆಕ್ಕ

"ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಎಳೆತ ಬರುತ್ತಲ್ಲ ಸಾರ್?" ಎಂದು ಅವನೇ ಕೇಳಿದ. ತಿಳಿದ ಪ್ರಶ್ನೆ. 14 ಹಲ್ಲಿನ ಬದಲು 13 ಹಾಕಿದರೆ ಎಳೆತ ನೂರಕ್ಕೆ ಸುಮಾರು ಎಂಟು ಪಾಲು ಹೆಚ್ಚುತ್ತದೆ, ವೇಗ ಏಳು ಪಾಲು ತಗ್ಗುತ್ತದೆ. ಎಂಜಿನ್ನಿನ ಶಕ್ತಿ ಮಾತ್ರ ಇದ್ದಷ್ಟೇ. ಬಲಗೈಯಿಂದ ಎಡಗೈಗೆ ಹಣ ಕೊಟ್ಟಂತೆ. ಇದೇ ಕೆಲಸವನ್ನು ಗೇರು ಮಾಡುತ್ತದೆ. ದಿಣ್ಣೆಯಲ್ಲಿ ಎಂಜಿನ್ ಒದ್ದಾಡುವ ಮೊದಲೇ ಒಂದು ಗೇರು ಇಳಿಸುವ ಅಭ್ಯಾಸ ಮಾಡಿಕೊಂಡರೆ ಸ್ಪ್ರಾಕೆಟ್ಟಿಗೆ ಹಣ ಕೊಡಬೇಕಾಗಿಲ್ಲ. ಕಂಪನಿಯ ಅಳತೆ ಬದಲಿಸಲು ನಾನು ಶಿಫಾರಸು ಮಾಡುವುದಿಲ್ಲ.

ಹೊಸ ಗಾಡಿ, ಹೊಸ ಪೆಟ್ರೋಲ್

2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್-6 ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಇಲ್ಲ. ಒಂದು ಪುಟ್ಟ ಕಂಪ್ಯೂಟರು ಹೊಗೆಯನ್ನು ಮೂಸಿ ನೋಡಿ ಪೆಟ್ರೋಲ್ ಎಷ್ಟು ಬೇಕೆಂದು ತೀರ್ಮಾನಿಸುತ್ತದೆ. ಅದರ ವೈರು ಕತ್ತರಿಸಿ ಬೇರೆ ಪೆಟ್ಟಿಗೆ ಜೋಡಿಸುವುದು, ಸೈಲೆನ್ಸರ್ ಬದಲಿಸಿ ಅದರ ಮೂಗನ್ನೇ ಮುಚ್ಚುವುದು ಕಣ್ಣು ಕಟ್ಟಿ ಉಳುವುದಕ್ಕೆ ಸಮ.

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಯವರು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಗೌರಿಬಿದನೂರಿನ ರೈತರು ಬೆಳೆಯುವಂಥ ಮುಸುಕಿನ ಜೋಳದಿಂದಲೂ ಈಗ ದೇಶದಲ್ಲಿ ಎಥನಾಲ್ ತಯಾರಾಗುತ್ತಿದೆ. ನಮಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಶೇಕಡಾ 10ಕ್ಕೆ ಹೊಂದಿಸಿದ ಹಳೆಯ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇಕಡಾ 3ರಿಂದ 4ರಷ್ಟು ತಗ್ಗಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವವರು ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿಕೊಳ್ಳಿ. ಹಳೆಯ ಗಾಡಿಯ ರಬ್ಬರ್ ಪೈಪು ಉಬ್ಬಿದೆಯೇ, ಬಿರಿದಿದೆಯೇ ಎಂದು ಆಗಾಗ ಪರೀಕ್ಷಿಸಿ. ಪೈಪು ಸೋರಿದರೆ ಮೈಲೇಜು ಮಾತ್ರವಲ್ಲ, ಪ್ರಾಣಕ್ಕೂ ಅಪಾಯ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. "ಮಾಲೀಕ" ಎಂಬ ಪದವನ್ನು ಗಮನಿಸಿ. ಮಗ ಕೊರೆಸಿದ ಸೈಲೆನ್ಸರಿಗೆ ಆರ್.ಸಿ. ಪುಸ್ತಕದಲ್ಲಿ ಹೆಸರಿರುವ ತಂದೆ ಉತ್ತರ ಕೊಡಬೇಕಾಗುತ್ತದೆ. ಅಪಘಾತವಾದಾಗ ವಿಮಾ ಕಂಪನಿಗೆ ತಕರಾರು ತೆಗೆಯಲು ನಾವೇ ಕಾರಣ ಒದಗಿಸಿದಂತೆಯೂ ಆಗುತ್ತದೆ. ನೂರು ಸಿಸಿಯ ಡ್ರಮ್ ಬ್ರೇಕಿಗೆ ಹೆಚ್ಚಿನ ವೇಗ ನಿಲ್ಲಿಸುವ ಶಕ್ತಿ ಇಲ್ಲ. ಹೈದರಾಬಾದ್ ಹೆದ್ದಾರಿಯನ್ನು ಅಡ್ಡ ದಾಟುವ ನಮ್ಮ ಹಳ್ಳಿಗಳವರಿಗೆ ಇದನ್ನು ಹೆಚ್ಚು ವಿವರಿಸುವುದು ಬೇಡ.

ಪ್ರಯೋಗ ಮಾಡುವ ರೀತಿ

ನಾನು ಹೇಳಿದ್ದನ್ನು ನಂಬಬೇಡಿ, ನೀವೇ ಪರೀಕ್ಷಿಸಿ. ಹೊಸ ತಳಿ ಬಂದಾಗ ನಾವು ಇಡೀ ಹೊಲಕ್ಕೆ ಹಾಕುತ್ತೇವೆಯೇ? ನಾಲ್ಕು ಸಾಲು ಹಾಕಿ, ಪಕ್ಕದಲ್ಲಿ ಹಳೆಯ ತಳಿ ಬಿಟ್ಟು ನೋಡುತ್ತೇವೆ. ಗಾಡಿಗೂ ಹಾಗೆಯೇ. ಟ್ಯಾಂಕು ಗಂಟಲವರೆಗೆ ತುಂಬಿಸಿ ಕಿಲೋಮೀಟರ್ ಬರೆದಿಡಿ. ವಾರದ ನಂತರ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಓಡಿದ ದೂರವನ್ನು ಹಿಡಿದ ಲೀಟರಿನಿಂದ ಭಾಗಿಸಿ. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿ. ಫಿಲ್ಟರ್ ಬದಲಿಸಿದ ವಾರ ಪ್ಲಗ್ ಮುಟ್ಟಬೇಡಿ. ಯಾವುದರಿಂದ ಎಷ್ಟು ಲಾಭ ಎಂಬುದು ಪುಸ್ತಕದಲ್ಲಿ ತಾನೇ ಕಾಣುತ್ತದೆ.

ಲೆಕ್ಕ ಸಣ್ಣದಲ್ಲ. ದಿನಕ್ಕೆ 40 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 60ರ ಬದಲು 50 ಕೊಡುತ್ತಿದ್ದರೆ, ವರ್ಷದ 300 ದಿನಕ್ಕೆ 40 ಲೀಟರ್ ಹೆಚ್ಚು ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ನಾಲ್ಕು ಸಾವಿರ. ಅದು ಹೊಗೆಯಾಗಿ ಹೋಗುವ ಹಣ.

ಕೊನೆಯ ಮಾತು

ಯುವಕರ ಮೇಲೆ ನನಗೆ ಕೋಪವಿಲ್ಲ. ಎಂಜಿನ್ ಬಿಚ್ಚಿ ನೋಡುವ ಆಸೆ ಒಳ್ಳೆಯ ಆಸೆ. ಇದು ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಜಿಲ್ಲೆ. ಯಂತ್ರದ ಮೇಲಿನ ಪ್ರೀತಿ ನಮ್ಮ ಮಕ್ಕಳಿಗೆ ಬಾರದೆ ಇರುತ್ತದೆಯೇ? ವೇಗದ ಎಂಜಿನ್ ಕಟ್ಟಲೇಬೇಕೆನ್ನುವವರಿಗೆ ಕೊಯಮತ್ತೂರಿನಲ್ಲಿ, ಚೆನ್ನೈ ಬಳಿ ಪಂದ್ಯದ ದಾರಿಗಳಿವೆ. ಅಲ್ಲಿ ನಿಯಮವಿದೆ, ಅಂಬುಲೆನ್ಸ್ ಇದೆ, ದಾರಿಯಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ. ಆ ಮಟ್ಟಕ್ಕೆ ಹೋಗುವವನು ಮೊದಲು ಐ.ಟಿ.ಐ.ಯಲ್ಲಿ ಕೆಲಸ ಕಲಿಯಲಿ. ನನ್ನೊಡನೆ ಅಂಗಳದಲ್ಲಿ ಕುಳಿತ ಹುಡುಗ ಈಗ ತಗಡು ಇಟ್ಟು ಟ್ಯಾಪೆಟ್ ಹೊಂದಿಸಲು ಕಲಿತಿದ್ದಾನೆ. ಊರಿನ ನಾಲ್ಕಾರು ಗಾಡಿಗಳು ಅವನ ಬಳಿಗೆ ಬರುತ್ತಿವೆ. ಬೆಂಗಳೂರಿನ ಮಾತು ಸದ್ಯಕ್ಕೆ ನಿಂತಿದೆ.

ಇಲಾಖೆಯವರಿಗೂ ನನ್ನದೊಂದು ಬಿನ್ನಹ, ನಾನೂ ಇಲಾಖೆಯವನೇ ಆದರೂ. ಟ್ರ್ಯಾಕ್ಟರು, ಟಿಲ್ಲರು, ಪಂಪ್‌ಸೆಟ್ಟುಗಳ ಬಗ್ಗೆ ತರಬೇತಿ ಕೊಡುತ್ತೇವೆ. ಟ್ರ್ಯಾಕ್ಟರ್ ಇಲ್ಲದ ಮನೆಯಲ್ಲೂ ಇರುವ ಮೋಟಾರ್ ಸೈಕಲ್ಲಿನ ಬಗ್ಗೆ ಒಂದು ದಿನದ ತರಬೇತಿಯನ್ನೂ ಕೊಡುವುದಿಲ್ಲ. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ರೇಷ್ಮೆ ಕಾಲೇಜಿದೆ. ರೈತರ ಮಕ್ಕಳಿಗೆ ಅಲ್ಲಿ ಇಂಥ ಒಂದು ದಿನ ಏಕೆ ಇಡಬಾರದು? ಮಾರುಕಟ್ಟೆಗೆ ತಡವಾಗಿ ಬಂದ ಗೂಡು, ದಾರಿಯಲ್ಲಿ ಒಡೆದ ಟೊಮ್ಯಾಟೊ, ಡೇರಿ ಮುಚ್ಚಿದ ಮೇಲೆ ತಲುಪಿದ ಹಾಲು, ಇವೂ ಬೆಳೆ ನಷ್ಟವೇ. ಇದಕ್ಕೆ ಕೀಟನಾಶಕವಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಈ ಪುಟ ಓದುತ್ತಿರುವವರಲ್ಲಿ ಒಂದು ಕೋರಿಕೆ. ಗಾಡಿ ಕೊಂಡಾಗ ಕೊಟ್ಟ ಪುಸ್ತಕ ನಿಮ್ಮ ಮನೆಯ ಅಟ್ಟದ ಮೇಲೋ, ಪೆಟ್ಟಿಗೆಯಲ್ಲೋ ಇರುತ್ತದೆ. ಇವತ್ತೇ ಹುಡುಕಿ. ಓದು ಬಲ್ಲ ಮಗನಿಂದಲೋ ಮಗಳಿಂದಲೋ ಓದಿಸಿ ಕೇಳಿ. ಪಂದ್ಯದ ಕುದುರೆ ದಿನಕ್ಕೆ ಒಂದು ಗಳಿಗೆ ಓಡಿ ಲಾಯಕ್ಕೆ ಹೋಗುತ್ತದೆ. ನಮಗೆ ಬೇಕಾದ್ದು ಮುಂಜಾನೆ ನಾಲ್ಕಕ್ಕೆ ಒಂದೇ ಒದೆತಕ್ಕೆ ಎದ್ದು, ಗೂಡಿನ ಮೂಟೆ ಹೊತ್ತು, ಹರಾಜಿಗೆ ಮೊದಲೇ ಶಿಡ್ಲಘಟ್ಟ ತಲುಪಿಸಿ, ಸಂಜೆ ನಮ್ಮನ್ನು ಕ್ಷೇಮವಾಗಿ ಮನೆಗೆ ತರುವ ಎತ್ತು. ಆ ಎತ್ತು ಈಗಾಗಲೇ ನಿಮ್ಮ ಕೊಟ್ಟಿಗೆಯಲ್ಲಿದೆ. ಅದಕ್ಕೆ ಮೇವು ಹಾಕಿ, ಲಾಳ ಕಟ್ಟಿಸಿ, ಮೈ ತೊಳೆಯಿರಿ. ಅಷ್ಟು ಮಾಡಿದರೆ ಸಾಕು.